ಇಪ್ಪತ್ತೆರಡು ಹಲ್ಲಿನ ಚಕ್ರ

ಏಪ್ರಿಕಾಟ್ ಮರಗಳು ಹೂವುದುರಿಸುವ ಹೊತ್ತಿಗೆ ಓಶ್ ಊರಿನ ಒಂದು ಅಂಗಳ ಸೈಕಲ್ಲುಗಳಿಂದ ತುಂಬಿಹೋಗುವುದು ವಾಡಿಕೆ. ಪಾಮಿರ್ ಬೆಟ್ಟಗಳ ಕಡೆಗೆ ಹೊರಟವರು, ಅಲ್ಲಿಂದ ಮೈಕೈ ನುಗ್ಗಾಗಿ ಇಳಿದು ಬಂದವರು, ಎಲ್ಲರೂ ತಾಜಿಖಾನಳ ಅತಿಥಿಗೃಹದಲ್ಲಿ ತಂಗುತ್ತಿದ್ದರು. ಅವರ ಗಾಡಿಗಳು ಮಾತ್ರ ಪಕ್ಕದ ಈ ಅಂಗಳಕ್ಕೆ, ತಾಜಿಖಾನಳ ಅತ್ತಿಗೆ ಬುರುಲ್ಚಾಳ ಕೈಗೆ ಬರುತ್ತಿದ್ದವು. ತುಂಡಾದ ಚೈನು, ಸವೆದ ಹಲ್ಲು, ಬಾಗಿದ ಗೇರು, ಎಲ್ಲಕ್ಕೂ ಅವಳೇ.

ಬುರುಲ್ಚಾ ಮೊದಲು ರೇಷ್ಮೆ ಕಾರ್ಖಾನೆಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವಳು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಗಂಡನ ರೇಸ್ ಸೈಕಲ್ ಬಿಚ್ಚಿ ಜೋಡಿಸುತ್ತ ಈ ಕೆಲಸಕ್ಕೆ ಬಿದ್ದಳು. ಗಂಡ ಮಮಸಾಲಿಗೆ ಕಾಲಲ್ಲಿದ್ದ ಜಾಣತನ ಕೈಯಲ್ಲಿರಲಿಲ್ಲ. ಒಂದು ಪಂಕ್ಚರ್ ಹಾಕಲು ಕೂತರೆ ಟ್ಯೂಬಿಗೆ ಇನ್ನೊಂದು ತೂತು ಮಾಡಿ ಏಳುತ್ತಿದ್ದ. ಆದರೆ ಸೈಕಲ್ ಹತ್ತಿದನೆಂದರೆ ಓಶ್‌ನಲ್ಲಿ ಅವನನ್ನು ಹಿಂದೆ ಹಾಕುವವರಿರಲಿಲ್ಲ. ಬೇಸಿಗೆ ಬಂತೆಂದರೆ ಪರದೇಶದವರ ಗುಂಪು ಕಟ್ಟಿಕೊಂಡು, ಅವರಿಗೆ ದಾರಿ ತೋರಿಸುತ್ತ ಬೆಟ್ಟಗಳ ಕಡೆಗೆ ಹೊರಟುಬಿಡುತ್ತಿದ್ದ. ಅವನ ಗಾಡಿ, ಅವನ ಹಿಂದೆ ಹೋಗುವವರ ಗಾಡಿ ಎಲ್ಲವನ್ನೂ ಸಜ್ಜು ಮಾಡಿ ಕಳಿಸಿ, ಬುರುಲ್ಚಾ ಸೋಪಿನಲ್ಲಿ ಕೈಯ ಜಿಡ್ಡು ತಿಕ್ಕಿ ತೊಳೆದುಕೊಂಡು ಒಳಗೆ ಹೋಗುತ್ತಿದ್ದಳು. ಒಳಗೆ ಅತ್ತೆ ಮಲಗಿರುತ್ತಿದ್ದರು.

ಅತ್ತೆ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದದ್ದು ಬುರುಲ್ಚಾಳ ಮಗಳ ಮದುವೆಯಾದ ವರ್ಷ. ಆ ಮಗಳ ಮಕ್ಕಳು ಶಾಲೆಯ ಚೀಲ ಹೊರುವಷ್ಟು ದೊಡ್ಡವರಾದರೂ ಅತ್ತೆ ಮೇಲೇಳಲಿಲ್ಲ. ಮಗ್ಗುಲು ಬದಲಿಸುವುದು, ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚುವುದು, ಬಟ್ಟೆ ಒಗೆಯುವುದು, ಮತ್ತೆ ಅಂಗಳಕ್ಕೆ ಬಂದು ಯಾರದೋ ಚೈನ್ ಬಿಚ್ಚುವುದು, ಅಷ್ಟರಲ್ಲಿ ಒಳಗಿನಿಂದ ಕರೆ ಬರುವುದು. ಅತ್ತೆ ಕೆಟ್ಟವರಲ್ಲ. ಕರೆದಾಗಲೆಲ್ಲ, ಪಾಪ, ನಿನಗೆ ತೊಂದರೆ ಕೊಡ್ತಿದೀನಿ ಅನ್ನುತ್ತಿದ್ದರು. ಅನ್ನದೆ ಇದ್ದಿದ್ದರೆ ಬೈದುಕೊಳ್ಳಲಾದರೂ ದಾರಿ ಇರುತ್ತಿತ್ತು ಎಂದು ಬುರುಲ್ಚಾಳಿಗೆ ಎಷ್ಟೋ ಸಲ ಅನಿಸಿದ್ದುಂಟು.

ಚಳಿಗಾಲದ ಕೊನೆಯಲ್ಲಿ ಅತ್ತೆ ತೀರಿಕೊಂಡರು. ನಲವತ್ತನೆಯ ದಿನದ ಊಟವಾಯಿತು. ಉಡುಗೆ ತೊಡುಗೆಗಳನ್ನು ನೆಂಟರಿಷ್ಟರಿಗೆ ಹಂಚಿಯಾಯಿತು. ಉಳಿದದ್ದು ಒಂದು ಶಿರ್ದಾಕ್, ಟಗರಿನ ಕೊಂಬಿನ ಚಿತ್ತಾರದ ದಪ್ಪ ಉಣ್ಣೆಯ ಹಾಸು. ಹುಡುಗಿಯರಾಗಿದ್ದಾಗ ಅತ್ತೆ ಮತ್ತು ಅವರ ತಂಗಿ ಅಜಾರ್ ಇಬ್ಬರೂ ಕೂತು ಹೊಲಿದದ್ದು. ಅದು ಅಜಾರಳಿಗೇ ಸೇರಬೇಕು ಎಂದು ಅತ್ತೆ ಹೇಳಿಹೋಗಿದ್ದರು. ಅಜಾರ್ ಅಪಾ, ಅಂದರೆ ಅಜಾರ್ ಚಿಕ್ಕಮ್ಮ, ಇರುವುದು ಅಲಾಯ್ ಕಣಿವೆಯ ಸಾರಿ ಮೊಗೊಲ್‌ನಲ್ಲಿ, ಹಿಮದ ಬೆಟ್ಟಗಳ ಬುಡದಲ್ಲಿ. ಓಶ್‌ನಿಂದ ಬೆಳಿಗ್ಗೆ ಟ್ಯಾಕ್ಸಿ ಹತ್ತಿದರೆ ಮಧ್ಯಾಹ್ನದ ಚಹಾಕ್ಕೆ ಅಲ್ಲಿರಬಹುದು.

ಒಂದು ದಿನ ಚಹಾ ಕುಡಿಯುತ್ತ ಕೂತಿದ್ದಾಗ, ಯಾವ ಟ್ಯಾಕ್ಸಿಯವನ ಕೈಯಲ್ಲಿ ಕಳಿಸುವುದು ಎಂದು ತಾಜಿಖಾನ್ ಕೇಳಿದಳು. ತಾನೇ ತೆಗೆದುಕೊಂಡು ಹೋಗುತ್ತೇನೆ, ಸೈಕಲ್ಲಿನಲ್ಲಿ, ಎಂದಳು ಬುರುಲ್ಚಾ.

ತಾಜಿಖಾನ್ ನಕ್ಕಳು. ಅತ್ತಿಗೆಯ ಮುಖ ನೋಡಿ ನಗು ನಿಲ್ಲಿಸಿದಳು. "ನಿನಗೆ ವಯಸ್ಸೆಷ್ಟು ಅತ್ತಿಗೆ? ತಲ್ದಿಕ್ ಘಾಟಿ ಹತ್ತೋಕೆ ಹುಡುಗರೇ ಬಾಯಿ ಬಾಯಿ ಬಿಡ್ತಾರೆ. ಟ್ಯಾಕ್ಸಿ ಇಲ್ವಾ ಊರಲ್ಲಿ?"

"ಟ್ಯಾಕ್ಸಿಲಿ ಹೋದ್ರೆ ಅವತ್ತೇ ತಲುಪಿಬಿಡ್ತೀನಲ್ಲ," ಎಂದಳು ಬುರುಲ್ಚಾ.

ಅವಳಿಗಿದ್ದ ದಣಿವು ಮಲಗಿದರೆ ಹೋಗುವಂಥದ್ದಾಗಿರಲಿಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರು. ಮಾತ್ರೆ ತಿಂದದ್ದಕ್ಕೆ ಹೊಟ್ಟೆ ಕಟ್ಟಿತೇ ವಿನಾ ಬೇರೇನಾಗಲಿಲ್ಲ. ಮನೆಯಿಂದ ದೂರ, ದಾರಿಯ ಮೇಲೆ, ಯಾರಿಗೂ ಬೇಕಾಗದವಳಾಗಿ ಒಂದಷ್ಟು ದಿನ ಇರಬೇಕು ಎಂದಷ್ಟೇ ಅವಳಿಗೆ ಗೊತ್ತಿದ್ದದ್ದು.

ಮಮಸಾಲಿ ಮೊದಲೆರಡು ದಿನ ಇದನ್ನು ತಮಾಷೆ ಎಂದುಕೊಂಡ. ಆಮೇಲೆ ಹೆಂಡತಿ ಹಳೆಯ ಉಕ್ಕಿನ ಗಾಡಿಯೊಂದನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ್ದು ಕಂಡು ತಾನೂ ಬರುತ್ತೇನೆ ಎಂದ. "ನಮ್ಮಮ್ಮನ ಹಾಸು ಅದು. ಮಗ ಗಟ್ಟಿಮುಟ್ಟಾಗಿರ್ವಾಗ ಸೊಸೆ ಒಬ್ಳೇ ಹೊತ್ಕೊಂಡು ಬಂದ್ಲು ಅಂದ್ರೆ ಅಲ್ಲಿನ ಜನ ನನ್ನ ಮುಖಕ್ಕೆ ಉಗೀತಾರೆ." ಅವನ ಮೊದಲ ಗುಂಪು ಬರಲು ಇನ್ನೂ ಸಮಯವಿತ್ತು. ಬರಬೇಡಿ ಎನ್ನಲು ಅವಳಿಗೆ ಯಾವ ನೆಪವೂ ಸಿಗಲಿಲ್ಲ. ಒಬ್ಬಳೇ ಇರಬೇಕು ಎಂಬುದು ಗಂಡನ ಎದುರು ನೆಪವಾಗುತ್ತದೆಯೇ?

ತನ್ನ ಗಾಡಿಗೆ ಎಂಥ ಗೇರು ಹಾಕಿಕೊಳ್ಳಬೇಕು ಎಂದು ಅವಳು ಯೋಚಿಸಿದ್ದು ಇದೇ ಮೊದಲು. ಬಜಾರಿಗೆ ಹೋಗಿ ಹಿಟ್ಟಿನ ಮೂಟೆ ತರಲು ಯಾವ ಗಾಡಿಯಾದರೂ ನಡೆಯುತ್ತಿತ್ತು. ಇದು ಹಾಗಲ್ಲ. ಹೊರೆ ಹೊತ್ತು ಬೆಟ್ಟ ಹತ್ತಲು ಹೊರಟವರು ಬಂದಾಗ ಅವಳು ಒಂದೇ ಪ್ರಶ್ನೆ ಕೇಳುತ್ತಿದ್ದಳು: ಚೆನ್ನಾಗಿರುವ ದಿನ ನೀವು ಎಷ್ಟು ತುಳಿಯಬಲ್ಲಿರಿ ಅನ್ನುವುದು ಬೇಡ, ಹೊಟ್ಟೆ ಕೆಟ್ಟು, ನಿದ್ದೆಗೆಟ್ಟು, ಗಾಳಿ ಎದುರಾದ ದಿನ ಎಷ್ಟು ತುಳಿಯಬಲ್ಲಿರಿ ಹೇಳಿ. ಅದಕ್ಕೆ ಎಲ್ಲರೂ ಸುಳ್ಳೇ ಹೇಳುತ್ತಿದ್ದರು. ತಮಗೇ ಗೊತ್ತಿಲ್ಲದ ಸುಳ್ಳು. ಅವಳು ಅದರಲ್ಲಿ ಒಂದಿಷ್ಟು ಕಳೆದು, ಪೆಡಲಿನ ಬಳಿಯ ಹಲ್ಲುಚಕ್ರ ಒಂದು ಅಳತೆ ಚಿಕ್ಕದನ್ನೇ ಹಾಕಿ ಕಳಿಸುತ್ತಿದ್ದಳು. ಅಲ್ಲಿ ಹಲ್ಲು ಕಡಿಮೆಯಾದಷ್ಟೂ ಏರು ಹಗುರ, ಗಾಡಿ ನಿಧಾನ.

ಈಗ ಅದೇ ಪ್ರಶ್ನೆಯನ್ನು ತನಗೇ ಕೇಳಿಕೊಂಡಳು. ಉತ್ತರ ಕಾಲಿಗೇ ಬಿಟ್ಟಳು. ಪೆಡಲಿನ ಬಳಿ ಒಳಮಗ್ಗುಲಿಗೆ ಇಪ್ಪತ್ತಾರು ಹಲ್ಲಿನ ಚಕ್ರ ಹಾಕಿ, ಕ್ಯಾರಿಯರಿಗೆ ಹಿಟ್ಟಿನ ಚೀಲ ಬಿಗಿದು, ಸುಲೈಮಾನ್ ಗುಡ್ಡದ ಹಿಂದಿನ ಏರು ಹತ್ತಲು ಹೋದಳು. ಅರ್ಧಕ್ಕೆ ಕಾಲು ನೆಲಕ್ಕಿಟ್ಟಳು. ಮನೆಗೆ ಬಂದು ಇಪ್ಪತ್ತನಾಲ್ಕು ಹಲ್ಲಿನದನ್ನು ಹಾಕಿಕೊಂಡು ಹೋದಳು. ಇನ್ನೊಂದಷ್ಟು ಮೇಲಕ್ಕೆ ಹೋಗಿ ನಿಂತಳು. ಕೊನೆಗೆ ಇಪ್ಪತ್ತೆರಡು ಹಲ್ಲಿನ ಪುಟ್ಟ ಉಕ್ಕಿನ ಚಕ್ರ ಸಿಕ್ಕಿಸಿ, ಹಿಂದಕ್ಕೆ ಮೂವತ್ತನಾಲ್ಕು ಹಲ್ಲಿನ ಅಗಲದ ಹಲ್ಲುಚಕ್ರವಿದ್ದ ಜೋಡಣೆ ಹಾಕಿದಳು. ಈ ಸಲ ನಿಲ್ಲದೆ ಹತ್ತಿದಳು. ಎಷ್ಟು ನಿಧಾನವೆಂದರೆ, ಕುರಿಯೊಂದನ್ನು ಹಗ್ಗ ಹಿಡಿದು ಎಳೆದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ದಾರಿಯುದ್ದಕ್ಕೂ ಅವಳ ಪಕ್ಕದಲ್ಲೇ ನಡೆದು ಬಂದರು. ನಡೆದೇ ಹೋಗಬಹುದಲ್ಲಮ್ಮ, ಚಪ್ಪಲಿ ಇಲ್ಲವಾ, ಎಂದು ಕೇಳಿದರು. ಉತ್ತರ ಕೊಡಲು ಅವಳಿಗೆ ಉಸಿರಿರಲಿಲ್ಲ.

ಆವತ್ತು ಇಳಿಜಾರಿನಲ್ಲಿ ಬರುವಾಗ ಅವಳಿಗೆ ಅವಮಾನವೇನೂ ಆಗಲಿಲ್ಲ. ತಾನು ಇಷ್ಟು ದಣಿದಿದ್ದೇನೆ ಎಂದು ಯಾರೋ ತೂಕ ಹಾಕಿ ಹೇಳಿದ ಹಾಗಾಗಿ, ಒಂದು ಬಗೆಯ ಸಮಾಧಾನವೇ ಆಯಿತು.

ಉಳಿದದ್ದು ಸಲೀಸು. ಅತಿಥಿಯೊಬ್ಬ ಬಿಟ್ಟುಹೋಗಿದ್ದ ಹನ್ನೆರಡು ಹಲ್ಲುಚಕ್ರಗಳ ಹೊಸ ಗೇರು ಶೆಲ್ಫಿನಲ್ಲಿ ಹೊಳೆಯುತ್ತಿತ್ತು. ಮುಂದೆ ಒಂದೇ ಚಕ್ರ ಸಾಕು, ಹಿಂದೆ ತಟ್ಟೆಯಷ್ಟು ದೊಡ್ಡದು. ಹಗುರ, ಚೆಂದ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ವಾಪಸ್ಸಿಟ್ಟಳು. ಅದರ ಚೈನು ತೆಳು. ಗುಲ್ಚೋ ಊರು ದಾಟಿದ ಮೇಲೆ ಅದು ತುಂಡಾದರೆ ಕುರಿಗಾಹಿಯ ಹತ್ತಿರ ಸಿಗುವುದಿಲ್ಲ. ಹಿಂದೆ ಎಂಟು ಹಲ್ಲುಚಕ್ರಗಳಿರುವ ಗೇರಿನ ದಪ್ಪ ಚೈನಾದರೆ ಯಾವ ಬಜಾರಿನಲ್ಲಾದರೂ ಮೊಳೆ, ಬೀಗಗಳ ನಡುವೆ ನೇತುಹಾಕಿರುತ್ತಾರೆ. ಗೇರ್ ಹಾಕಲು ಟಕ್ಕೆಂದು ಕೂರುವ ಹೊಸ ಗುಂಡಿಗಳ ಬದಲು, ಬೆರಳಿನ ಅಂದಾಜಿನಲ್ಲೇ ಸರಿಸುವ ಹಳೆಯ ಹಿಡಿಕೆ ಹಾಕಿದಳು. ಬಿದ್ದು ಏನಾದರೂ ಬಾಗಿದರೂ ಅದು ಹೇಗೋ ಕೆಲಸ ಮಾಡುತ್ತದೆ. ದೊಡ್ಡ ಹೊರಚಕ್ರವನ್ನು ಬಿಚ್ಚಿ ನಲವತ್ತನಾಲ್ಕು ಹಲ್ಲಿನದಕ್ಕೆ ಇಳಿಸಿದಳು. ಇಳಿಜಾರಿನಲ್ಲಿ ತುಳಿಯುವ ಆಸೆ ಅವಳಿಗಿರಲಿಲ್ಲ, ಸುಮ್ಮನೆ ಕೂರುವ ಆಸೆಯಿತ್ತು.

ಮಮಸಾಲಿ ಬಂದು, ಪುಟ್ಟ ಚಕ್ರಕ್ಕೆ ಬೆರಳು ತಾಗಿಸಿ ನೋಡಿದ. "ಇದೇನಿದು, ನಿನ್ನ ಹೊಲಿಗೆ ಮಿಷನ್ನಿಂದಾ? ಗಿರಗಿರ ಅಂತ ತುಳೀತಾನೇ ಇರ್ತೀಯ, ಗಾಡಿ ಇದ್ದಲ್ಲೇ ಇರುತ್ತೆ ಮುದ್ಕಿ."

ನಿಮ್ಮ ಗಾಡಿಗೂ ಇಂಥದ್ದೊಂದು ಹಾಕಿಕೊಡುತ್ತೇನೆ ಎಂದಳು. ಅವನ ಗಾಡಿಯಲ್ಲಿ ಮುಂದಿನ ಅತಿ ಚಿಕ್ಕ ಚಕ್ರಕ್ಕೇ ಮೂವತ್ತನಾಲ್ಕು ಹಲ್ಲು, ಹಿಂದಿನ ಅತಿ ದೊಡ್ಡದಕ್ಕೆ ಇಪ್ಪತ್ತೆಂಟು. ಹೊರೆಯಿಲ್ಲದ ಹುಡುಗರಿಗೆ ಸರಿ. "ನಿಮ್ಮ ಗುಂಪು ಹೋಗ್ವಾಗ ಸಾಮಾನೆಲ್ಲ ಜೀಪಲ್ಲಿ ಬರುತ್ತೆ. ಈ ಸಲ ಜೀಪಿಲ್ಲ," ಎಂದಳು.

"ತಲ್ದಿಕ್ ನನಗೆ ಹೇಳ್ಕೊಡ್ತೀಯಾ?" ಎಂದ ಅವನು. ಕೋಪದಿಂದೇನೂ ಅಲ್ಲ. ನಿಜವಾಗಿಯೂ ಅವನಿಗೆ ಆಶ್ಚರ್ಯವಾಗಿತ್ತು. ಅವಳು ಎರಡನೆಯ ಸಲ ಹೇಳಲಿಲ್ಲ. ಬೇರೆಯವರಿಗಾಗಿದ್ದರೆ ಮೂರು ಸಲ ಹೇಳುತ್ತಿದ್ದಳು.

ಹೊರಟ ದಿನ ಮೋಡವಿತ್ತು. ಹಾಸನ್ನು ಸುರುಳಿ ಸುತ್ತಿ, ಮಳೆ ತಾಗದಂತೆ ಪ್ಲಾಸ್ಟಿಕ್ ಹೊದಿಸಿ ಅವಳ ಕ್ಯಾರಿಯರಿಗೆ ಅಡ್ಡಲಾಗಿ ಕಟ್ಟಿದರು. ಡೇರೆ, ಒಲೆ, ಪಾತ್ರೆ, ಅಕ್ಕಿ, ಮಾಂಸದ ಡಬ್ಬಗಳನ್ನೆಲ್ಲ ಮಮಸಾಲಿ ಹಟ ಮಾಡಿ ತನ್ನ ಗಾಡಿಗೇ ಹೇರಿಕೊಂಡ. ತಾಜಿಖಾನ್ ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಟ್ಟು, ಅತ್ತಿಗೆಯ ಕಿವಿಯಲ್ಲಿ, ಆಗದಿದ್ದರೆ ಯಾವುದಾದರೂ ಲಾರಿಗೆ ಕೈ ಅಡ್ಡ ಹಾಕು, ನಾಚಿಕೆ ಪಡಬೇಡ, ಎಂದಳು.

ಮೊದಲ ಘಾಟಿ ಚಿಯಿರ್ಚಿಕ್. ಅಷ್ಟೇನೂ ಎತ್ತರದ್ದಲ್ಲ. ಏರು ಶುರುವಾಗುತ್ತಲೇ ಮಮಸಾಲಿ ಮುಂದೆ ಹೋದ. ಸೀಟಿನಿಂದ ಎದ್ದು ನಿಂತು, ಗಾಡಿಯನ್ನು ಅತ್ತಿತ್ತ ತೂಗುತ್ತ, ತಿರುವಿನಾಚೆ ಮರೆಯಾದ. ಅವಳು ಪುಟ್ಟ ಚಕ್ರಕ್ಕೆ ಚೈನು ಇಳಿಸಿ, ತಲೆ ತಗ್ಗಿಸಿ ತುಳಿಯತೊಡಗಿದಳು. ರಸ್ತೆಯ ಅಂಚಿನ ಕಲ್ಲುಗಳು ಒಂದೊಂದೇ ಹಿಂದಕ್ಕೆ ಹೋದವು. ನೊಣಗಳು ಆರಾಮಾಗಿ ಅವಳ ತೋಳಿನ ಮೇಲೆ ಕೂತು ಎದ್ದವು. ಮೇಲೆ ತಲುಪಿದಾಗ ಮಮಸಾಲಿ ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದ. ಮೊಣಕೈ ಸಡಿಲ ಬಿಡಬೇಕು, ಉಸಿರು ಹೊಟ್ಟೆಯಿಂದ ಬಿಡಬೇಕು, ಎಂದೆಲ್ಲ ಹೇಳಿದ. ಅವಳು ಗಾಡಿ ಒರಗಿಸಿ ಕೂರುವಷ್ಟರಲ್ಲಿ ಅವನಿಗೆ ವಿಶ್ರಾಂತಿ ಸಾಕಾಗಿತ್ತು. ಹೊರಡೋಣ ಎಂದು ಎದ್ದ.

ಆ ದಿನವೂ ಮರುದಿನವೂ ಇದೇ ಆಯಿತು. ಅವನು ಮುಂದೆ ಹೋಗುವುದು, ಕಾಯುವುದು, ಇವಳು ಬಂದ ಕೂಡಲೇ ಏಳುವುದು. ಇಬ್ಬರಲ್ಲಿ ಯಾರು ದಣಿದಿದ್ದರೋ ಅವರಿಗೇ ಕೂರಲು ಸಿಗುತ್ತಿರಲಿಲ್ಲ. ಅದನ್ನು ಹೇಳಿದರೆ ಅವನು ಪಾಪ ಕಾಯುತ್ತಿದ್ದನೇನೋ. ಹೇಳಲೂ ಆಯಾಸವೆನಿಸಿತು.

ಗುಲ್ಚೋ ದಾಟಿ ಹೊಳೆಯ ಪಕ್ಕ ಡೇರೆ ಹಾಕಿದ ಸಂಜೆ ಮಮಸಾಲಿ ಅವಳನ್ನು ಕೂರಿಸಿ ಅಡುಗೆಗೆ ನಿಂತ. ಈರುಳ್ಳಿಯನ್ನು ಅಂಗೈಯಲ್ಲೇ ಹಿಡಿದು ಸಣ್ಣಗೆ ಹೆಚ್ಚಿದ. ಕ್ಯಾರೆಟ್ಟನ್ನು ಉದ್ದುದ್ದ ಸೀಳಿದ. ಒಂದೇ ಪಾತ್ರೆಯಲ್ಲಿ, ಗಾಳಿಗೆ ಒಲೆ ಆರದಂತೆ ಕಲ್ಲು ಅಡ್ಡವಿಟ್ಟು, ಅನ್ನ ಉದುರುದುರಾಗಿ ಬೇಯಿಸಿದ. ದಾರಿಯಲ್ಲಿ ತನ್ನ ಗುಂಪಿಗೆಲ್ಲ ಅಡುಗೆ ತನ್ನದೇ ಎಂದೂ, ಫ್ರೆಂಚರು ಎರಡೆರಡು ಸಲ ಹಾಕಿಸಿಕೊಳ್ಳುತ್ತಾರೆಂದೂ ಹೇಳಿದ. ಮದುವೆಯಾದ ಇಷ್ಟು ವರ್ಷಕ್ಕೆ ಅವನ ಕೈಯಡುಗೆ ಅವಳು ಉಂಡದ್ದು ಅದೇ ಮೊದಲು. ಚೆನ್ನಾಗಿತ್ತು. ತುಂಬ ಚೆನ್ನಾಗಿತ್ತು. ಒಂದು ಅಗುಳೂ ಬಿಡದೆ ಉಂಡಳು. ಪ್ರೀತಿಯಿಂದಲ್ಲ. ಇಷ್ಟು ವರ್ಷವೂ ಇವನಿಗೆ ಅಡುಗೆ ಬರುತ್ತಿತ್ತು ಎಂಬ ಸಿಟ್ಟಿನಿಂದ.

"ಉಪ್ಪು ಸರಿಯಿದ್ಯಾ?" ಎಂದು ಕೇಳಿದ. ಸರಿಯಿದೆ ಎಂದಳು.

ತಲ್ದಿಕ್ ಘಾಟಿ ಶುರುವಾಗುವುದು ಅಕ್ ಬೊಸೊಗೊ ಹಳ್ಳಿಯಾಚೆ. ಅಲ್ಲಿಂದ ಮೇಲೆ ನೋಡಿದರೆ ರಸ್ತೆ ಬೆಟ್ಟದ ಮೈಮೇಲೆ ಯಾರೋ ಹಗ್ಗ ಬಿಸಾಕಿದಂತೆ ಅಂಕುಡೊಂಕಾಗಿ ಬಿದ್ದಿರುತ್ತದೆ. ಅದರ ಮೇಲೆ ಚೀನಾ ಗಡಿಯ ಲಾರಿಗಳು ನರಳುತ್ತ ಹತ್ತುತ್ತವೆ. ಮಮಸಾಲಿ ಎಂದಿನಂತೆ ಮುಂದೆ ಹೋದ. ಆದರೆ ಈ ಸಲ ಬೇಗ ಕಣ್ಮರೆಯಾಗಲಿಲ್ಲ. ಮೊದಲ ತಿರುವು ದಾಟಿದ ಮೇಲೂ ಅವನ ಬೆನ್ನು ಅವಳಿಗೆ ಕಾಣುತ್ತಲೇ ಇತ್ತು. ಪೆಡಲಿನ ಮೇಲೆ ಎದ್ದು ನಿಂತು ಇಡೀ ಮೈಭಾರ ಹಾಕಿದರೆ ಒಂದು ಸುತ್ತು, ಮತ್ತೆ ಭಾರ ಹಾಕಿದರೆ ಇನ್ನೊಂದು. ಹಿಂದಿನ ಹೊರೆ ಅವನನ್ನು ಕೆಳಕ್ಕೆ ಜಗ್ಗುತ್ತಿತ್ತು. ಗಾಡಿ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಓಲಾಡುತ್ತಿತ್ತು. ಹಿಂದಿನಿಂದ ಬಂದ ಲಾರಿಯವನೊಬ್ಬ ಉದ್ದಕ್ಕೆ ಹಾರನ್ ಬಾರಿಸಿದ. ಮಮಸಾಲಿ ಕೆಳಗಿಳಿದ. ಸ್ವಲ್ಪ ಹೊತ್ತು ಹ್ಯಾಂಡಲಿನ ಮೇಲೆ ಬಾಗಿ ನಿಂತು, ಮತ್ತೆ ಹತ್ತಿ ತುಳಿಯಲು ನೋಡಿ, ಮತ್ತೆ ಇಳಿದ.

ಬುರುಲ್ಚಾ ತನ್ನ ಪಾಡಿಗೆ ಗಿರಗಿರ ತುಳಿಯುತ್ತ ಬಂದಳು. ಹತ್ತಿರ ಬಂದಾಗ ನೋಡಿದಳು, ಅವನ ಬಲ ಮಂಡಿ ನಡುಗುತ್ತಿತ್ತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಚೂರು ನಿಲ್ಲು," ಎಂದ.

"ನಿಂತ್ರೆ ಮತ್ತೆ ಹೊರಡಕ್ಕಾಗಲ್ಲ," ಎಂದು ಅವಳು ಮುಂದೆ ಹೋದಳು.

ಅದು ಅರ್ಧ ನಿಜ. ಅಂಥ ಏರಿನಲ್ಲಿ, ಅಷ್ಟು ಹೊರೆಯಿರುವಾಗ ನಿಂತರೆ ಮತ್ತೆ ಗಾಡಿ ಹತ್ತುವುದು ಕಷ್ಟವೇ. ಆದರೆ ಸ್ವಲ್ಪ ದೂರ ತಳ್ಳಿಕೊಂಡು ಹೋಗಿ, ತಿರುವಿನ ಸಮತಟ್ಟಿನಲ್ಲಿ ಹತ್ತಬಹುದಿತ್ತು. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಕಾಲು ನಿಲ್ಲಲಿಲ್ಲ. ಮುಂದಿನ ತಿರುವಿನಿಂದ ಕೆಳಗೆ ನೋಡಿದಳು. ಮಮಸಾಲಿ ಗಾಡಿ ತಳ್ಳಿಕೊಂಡು ಬರುತ್ತಿದ್ದ, ಸತ್ತ ಕರುವನ್ನು ಎಳೆದು ತರುವವನ ಹಾಗೆ. ಅದರ ಮೇಲಿನ ತಿರುವಿನಿಂದ ನೋಡಿದಾಗ ಅವನು ಚಿಕ್ಕವನಾಗಿದ್ದ. ಆಮೇಲೆ ಕಾಣಲಿಲ್ಲ.

ಮೇಲೆ ಗಾಳಿ ಬೀಸುತ್ತಿತ್ತು. ರಸ್ತೆಯ ಬದಿಯಲ್ಲಿ ಕರಗದ ಹಿಮ ಕೊಳಕಾಗಿ ಬಿದ್ದಿತ್ತು. ಗಾಡಿಯನ್ನು ಕಲ್ಲಿಗೆ ಒರಗಿಸಿ, ಗಾಳಿಗೆ ಬೆನ್ನು ಮಾಡಿ ಕೂತಳು. ದೊಡ್ಡದೇನೋ ಅನಿಸಬೇಕಿತ್ತು. ಏನೂ ಅನಿಸಲಿಲ್ಲ. ಕೈಕಾಲು ಜೋಮು ಹಿಡಿದಿತ್ತು. ಜೇಬಿನಿಂದ ಒಣಮೊಸರಿನ ಒಂದು ಕುರುತ್ ಉಂಡೆ ತೆಗೆದು ಬಾಯಿಗೆ ಹಾಕಿಕೊಂಡು, ಅದರ ಹುಳಿಯುಪ್ಪು ಕರಗುವವರೆಗೂ ಎದುರಿನ ಬೆಟ್ಟವನ್ನು ನೋಡುತ್ತ ಇದ್ದಳು. ಅದು ಕರಗಿದ ಮೇಲೆ ಇನ್ನೊಂದು ಹಾಕಿಕೊಂಡಳು. ಲಾರಿಗಳು ಬಂದವು, ಹೋದವು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಮಮಸಾಲಿ ಬಂದಾಗ ಕುಂಟುತ್ತಿದ್ದ. ಗಾಡಿಯನ್ನು ನೆಲಕ್ಕೆ ಹಾಗೇ ಬೀಳಲು ಬಿಟ್ಟು, ಅವಳ ಪಕ್ಕದಲ್ಲಿ ಕುಸಿದು ಕೂತ. ಬಯ್ಯುತ್ತಾನೆ ಎಂದುಕೊಂಡಿದ್ದಳು. ಬಯ್ಯಲಿಲ್ಲ. ಚಹಾ ಇದೆಯಾ ಎಂದು ಕೇಳಿದ. ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟಳು. ಅವನಿಗೆ ಸಾಕಾಗುವವರೆಗೆ ಕೂತಿರಲು ಅವಳಿಗೇನೂ ಅವಸರವಿರಲಿಲ್ಲ.

ಸಾರಿ ತಾಶ್‌ಗೆ ಇಳಿದು, ಅಲ್ಲಿ ಒಂದು ಮನೆಯಲ್ಲಿ ತಂಗಿ, ಮರುದಿನ ಅಲಾಯ್ ಕಣಿವೆಯ ದಾರಿ ಹಿಡಿದರು. ದಾರಿ ಸಮತಟ್ಟು, ಎಡಗಡೆ ಹಿಮದ ಬೆಟ್ಟಗಳ ಸಾಲು. ಮಧ್ಯಾಹ್ನವಾಗುತ್ತಲೇ ಪಶ್ಚಿಮದಿಂದ ಗಾಳಿ ಎದ್ದಿತು. ಆ ಗಾಳಿಗೆ ಸಮತಟ್ಟಾದ ರಸ್ತೆಯೂ ಏರೇ. ಮಮಸಾಲಿಯ ಮಂಡಿ ರೊಟ್ಟಿಯ ಹಾಗೆ ಊದಿಕೊಂಡಿತ್ತು. ಒಂದು ಸುತ್ತು ತುಳಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದ. ಅವಳು ಮುಂದೆ ಬಂದು, ತನ್ನ ಬೆನ್ನ ಮರೆಯಲ್ಲಿ ಅವನಿಗೆ ಗಾಳಿ ತಾಗದಂತೆ ತುಳಿಯತೊಡಗಿದಳು. ಆ ಮರೆಯಲ್ಲಿ ಅವನು ಕಾಲು ಹಗುರ ಮಾಡಿಕೊಂಡು ಬಂದ. ಅವನ ಚೈನಿನ ಕಿರ್ ಕಿರ್ ಸದ್ದು ಹಿಂದೆಯೇ ಕೇಳುತ್ತಿತ್ತು. ಎಣ್ಣೆ ಬೇಕಿತ್ತು ಅದಕ್ಕೆ. ಹೀಗೆ ಇಬ್ಬರೂ ಸಂಜೆಯ ಹೊತ್ತಿಗೆ, ಯಾಕ್‌ಗಳು ಕೊಟ್ಟಿಗೆಗೆ ಮರಳುವಾಗ, ಸಾರಿ ಮೊಗೊಲ್ ಸೇರಿದರು.

ಅಜಾರ್ ಅಪಾ ಕುಳ್ಳಗಿನ, ಗಟ್ಟಿ ದನಿಯ ಹೆಂಗಸು. ಅಂಗಳದಲ್ಲಿ ಸಗಣಿಯ ಬೆರಣಿ ಒಟ್ಟುತ್ತಿದ್ದವರು ಕೈ ಒರೆಸಿಕೊಂಡು ಬಂದು, ಇಬ್ಬರನ್ನೂ ತಬ್ಬಿಕೊಂಡು ಅತ್ತರು. ಅತ್ತು ಮುಗಿದ ಮೇಲೆ, ಈ ವಯಸ್ಸಿನಲ್ಲಿ ಇದೇನು ಹುಚ್ಚು, ಕಾರಿಲ್ಲವಾ ನಿಮಗೆ, ಎಂದು ಬೈದರು. ಒಳಗೆ ಕೂರಿಸಿ ರೊಟ್ಟಿ, ಕೆನೆ, ಚಹಾ ಇಟ್ಟರು. ಆಮೇಲೆ ಹಾಸು ಬಿಚ್ಚಿಸಿ ನೆಲದ ಮೇಲೆ ಹರಡಿಸಿ, ಅದರ ಮೇಲೆ ಅಂಗೈ ಆಡಿಸಿದರು. ಈ ಕೊಂಬು ನಾನು ಹೊಲಿದದ್ದು, ಆ ಮೂಲೆಯದು ಅಕ್ಕನದ್ದು, ನೋಡಿ ಹೊಲಿಗೆ ಎಷ್ಟು ಸೊಟ್ಟ, ಅವಳಿಗೆ ಕೂತಲ್ಲಿ ಕೂರಲು ಬರುತ್ತಿರಲಿಲ್ಲ, ಎಂದು ನಕ್ಕರು. ಕೂತಲ್ಲಿ ಕೂರಲಾಗದವರು ಮಲಗಿದಲ್ಲೇ ಇಷ್ಟು ವರ್ಷ ಕಳೆದರು ಎಂಬುದು ಬುರುಲ್ಚಾಳಿಗೆ ಆಗ ಹೊಳೆಯಿತು. ಅತ್ತೆ ಸತ್ತಾಗ ಬಾರದ ಅಳು ಈಗ ಬಂತು. ಕಪ್ಪಿನೊಳಕ್ಕೆ ಮುಖ ಹಾಕಿ ಚಹಾ ಕುಡಿದಳು.

ಅಜಾರ್ ಅಪಾ ಅಕ್ಕನ ಮಗನ ಕಡೆ ತಿರುಗಿದರು. "ಕೊನೆಕೊನೇಲಿ ಅಕ್ಕ ಏನು ತಿಂತಿದ್ಲಪ್ಪಾ?"

ಮಮಸಾಲಿ ಹೆಂಡತಿಯ ಮುಖ ನೋಡಿದ.

"ನಿನ್ನ ಕೇಳಿದ್ದು ಕಣೋ, ಅವಳನ್ನಲ್ಲ."

"ನಾನು ಬೇಸಿಗೆಲೆಲ್ಲ ದಾರೀಲೇ ಇರ್ತಿದ್ದೆ ಅಪಾ."

"ಅವಳು ಸತ್ತಿದ್ದು ಚಳಿಗಾಲದಲ್ಲಿ."

ಮಮಸಾಲಿ ತನ್ನ ಮಂಡಿಯನ್ನು ನೀವಿಕೊಳ್ಳುತ್ತ ಕೂತ. ಗೊತ್ತಿಲ್ಲ ಎಂದ, ಇನ್ನೊಬ್ಬರಿಗೆ ಕೇಳಿಸದಷ್ಟು ಮೆಲ್ಲಗೆ. ಅಜಾರ್ ಅಪಾ ಕಾಯುತ್ತಲೇ ಇದ್ದರು. ಕೊನೆಗೆ ಬುರುಲ್ಚಾಳೇ ಹೇಳಿದಳು. ಮೊದಮೊದಲು ಚಹಾದಲ್ಲಿ ನೆನೆಸಿದ ರೊಟ್ಟಿ. ಆಮೇಲೆ ಬೆರಳ ತುದಿಯಲ್ಲಿ ಇಟ್ಟರೆ ಚೂರು ಕೆನೆ. ಕೊನೆಗೆ ಹತ್ತಿಯಲ್ಲಿ ಅದ್ದಿ ತುಟಿಗೆ ಒತ್ತಿದ ನೀರು. ಅಜಾರ್ ಅಪಾ ಕಣ್ಣು ಮುಚ್ಚಿ ಕೇಳಿದರು. ಅಂಗೈಗಳನ್ನು ಬಿಡಿಸಿ ಹಿಡಿದು ಪ್ರಾರ್ಥನೆ ಹೇಳಿ, ಮುಖಕ್ಕೆ ಸವರಿಕೊಂಡರು. ಆಮೇಲೆ ಬುರುಲ್ಚಾಳ ಕೈ ಹಿಡಿದು ನೋಡಿದರು. ಉಗುರಿನ ಸಂದಿನಲ್ಲಿ ಚೈನಿನ ಕರಿಯಿತ್ತು.

"ನೀನು ಮಲಕ್ಕೋ ಹೋಗು ಮಗಳೇ," ಎಂದರು.

ಅವಳು ಮಲಗಿದಳು. ಎಷ್ಟು ಹೊತ್ತು ಮಲಗಿದಳೋ ಗೊತ್ತಿಲ್ಲ. ಒಮ್ಮೆ ಎದ್ದಾಗ ಬೆಳಕಿತ್ತು, ಇನ್ನೊಮ್ಮೆ ಎದ್ದಾಗಲೂ ಬೆಳಕೇ, ಆದರೆ ಬೇರೆ ಕಿಟಕಿಯಿಂದ ಬರುತ್ತಿತ್ತು. ನಡುವೆ ಯಾವಾಗಲೋ ಮಮಸಾಲಿ ಬಾಗಿಲ ಬಳಿ ಬಂದು ನೋವಿನ ಮುಲಾಮು ಎಲ್ಲಿದೆ ಎಂದು ಕೇಳಲು ಹೊರಟದ್ದೂ, ಅಜಾರ್ ಅಪಾ ಅವನನ್ನು ತೋಳು ಹಿಡಿದು ಆಚೆ ಎಳೆದುಕೊಂಡು ಹೋದದ್ದೂ ಕನಸಿನಂತೆ ನೆನಪಿತ್ತು.

ಅವಳು ಎದ್ದು ಮುಖ ತೊಳೆದು ಬಂದಾಗ, ಓಶ್‌ಗೆ ಹೋಗುವ ಟ್ಯಾಕ್ಸಿಯೊಂದು ಸಿಕ್ಕಿದೆ, ಎರಡೂ ಗಾಡಿಗಳನ್ನು ಮೇಲೆ ಕಟ್ಟಿಸುತ್ತೇನೆ ಎಂದ ಮಮಸಾಲಿ. ಅವನಿಗೆ ಇನ್ನು ತುಳಿಯಲು ಆಗುವಂತಿರಲಿಲ್ಲ. ಗುಂಪು ಬರುವ ದಿನವೂ ಹತ್ತಿರವಾಗಿತ್ತು.

"ನಿಮ್ಮದನ್ನ ಕಟ್ಟಿಸಿ," ಎಂದಳು ಬುರುಲ್ಚಾ. "ನಾನು ಆಮೇಲೆ ಬರ್ತೀನಿ."

"ಯಾವಾಗ?"

"ಗೊತ್ತಿಲ್ಲ."

ಅವನು ಅಂಗಳದಲ್ಲಿ ಒರಗಿಸಿಟ್ಟಿದ್ದ ಅವಳ ಗಾಡಿಯ ಬಳಿ ಹೋಗಿ, ಒಂದು ಮಂಡಿ ಮಾತ್ರ ಮಡಚಿ, ಇನ್ನೊಂದು ಕಾಲನ್ನು ಚಾಚಿಕೊಂಡು ಕಷ್ಟಪಟ್ಟು ಕೂತ. ಪುಟ್ಟ ಚಕ್ರವನ್ನು ನೋಡಿದ. ಗುಂಪಿನ ಕೆಲಸಕ್ಕೆ ಹೇಗೂ ಜೀಪಿರುತ್ತದೆ, ಆದರೆ ಈ ಮಂಡಿಯಲ್ಲಿ ಬರಿಗಾಡಿ ಹತ್ತುವುದೂ ಅನುಮಾನ, ಎಂದು ತನ್ನಷ್ಟಕ್ಕೆ ಹೇಳಿಕೊಂಡ. "ಇಂಥದ್ದು ನನ್ನ ಗಾಡಿಗೂ ಕೂರುತ್ತಾ?"

ಕೂರುತ್ತದೆ ಎಂದಳು. ಚಕ್ರವೊಂದನ್ನೇ ಬದಲಿಸಿದರೆ ಸಾಲದು, ಪೆಡಲು ಕೂರುವ ಕ್ರ್ಯಾಂಕ್ ಪೂರ್ತಿ ಬದಲಿಸಬೇಕು. ಒಳಗಿನ ಆಕ್ಸಲ್ ಇನ್ನೊಂಚೂರು ಉದ್ದದ್ದು ಬೇಕು. ಹಿಂದೆ ಚೈನು ಸರಿಸುವ ತೋಳೂ ಉದ್ದನೆಯದಾಗಬೇಕು, ಇಲ್ಲದಿದ್ದರೆ ಚೈನು ಜೋತುಬೀಳುತ್ತದೆ. ಎಲ್ಲವೂ ಮನೆಯ ಶೆಲ್ಫಿನ ಮೇಲಿನ ಹಲಗೆಯಲ್ಲಿವೆ. "ಹೋಗಿ ಹಾಕ್ಕೊಳಿ," ಎಂದಳು.

"ನಾನಾ? ನನಗೆಲ್ಲಿ ಬರುತ್ತೆ?"

"ಅನ್ನ ಮಾಡೋಕೆ ಬರುತ್ತಲ್ಲ. ಇದೂ ಬರುತ್ತೆ."

ಮಮಸಾಲಿ ತಲೆಯೆತ್ತಿ ನೋಡಿದ. ಅವಳು ನಗುತ್ತಿರಲಿಲ್ಲ. ಅವನು ಗೋಡೆ ಹಿಡಿದುಕೊಂಡು ಎದ್ದ. ಟ್ಯಾಕ್ಸಿ ಹೊರಟಾಗ ಕಿಟಕಿಯಿಂದ ಕೈಯೆತ್ತಿದ. ಪ್ರತಿ ಬೇಸಿಗೆಯೂ ಅವಳೇ ಬಾಗಿಲಲ್ಲಿ ನಿಂತು ಅವನಿಗೆ ಕೈಯೆತ್ತುತ್ತಿದ್ದಳು. ಈ ಸಲವೂ ಹಾಗೆಯೇ ನಿಂತಿದ್ದಳು, ಆದರೆ ಕಾರು ಹೋಗುತ್ತಿದ್ದದ್ದು ಮನೆಯ ಕಡೆಗೆ.

ಅವಳು ಅಲ್ಲಿ ಉಳಿದದ್ದು ಯಾವ ದೊಡ್ಡ ಕಾರಣಕ್ಕೂ ಅಲ್ಲ. ಬೆಳಿಗ್ಗೆ ಅಜಾರ್ ಅಪಾ ಹಾಲು ಕರೆಯುವಾಗ ಪಕ್ಕದಲ್ಲಿ ಕೂರುವಳು. ಬೆರಣಿ ಮಗುಚಲು ಹೋದರೆ ಅಪಾ ಬಿಡುತ್ತಿರಲಿಲ್ಲ. ಮನಸ್ಸಾದಾಗ ಬರಿಗಾಡಿ ತೆಗೆದುಕೊಂಡು ಬೆಟ್ಟದ ಬುಡದ ಸರೋವರಗಳ ಕಡೆಗೆ ಹೋಗಿ, ಅರ್ಧ ದಾರಿಗೇ ಸಾಕೆನಿಸಿದರೆ ಹುಲ್ಲಿನಲ್ಲಿ ಮಲಗಿ ವಾಪಸ್ಸು ಬರುವಳು. ಕೆಲವು ದಿನ ಇನ್ನೂ ಹೆಚ್ಚು ದಣಿವೆನಿಸುತ್ತಿತ್ತು. ಇಷ್ಟು ವರ್ಷ ತಡೆಹಿಡಿದದ್ದು ಈಗ ಒಂದೊಂದಾಗಿ ಹೊರಗೆ ಬರುತ್ತಿದೆ, ಬರಲಿ ಬಿಡು, ಎಂದರು ಅಜಾರ್ ಅಪಾ.

ಮಮಸಾಲಿ ಒಮ್ಮೆ ಫೋನ್ ಮಾಡಿದ. ಎಡಗಡೆಯ ಪೆಡಲು ಎಷ್ಟು ತಿರುಗಿಸಿದರೂ ಬಿಚ್ಚಿಕೊಳ್ಳುತ್ತಿಲ್ಲ ಎಂದ. ಅದರ ತಿರುಪು ಉಲ್ಟಾ ಇರುತ್ತದೆ, ಬಲಕ್ಕೆ ತಿರುಗಿಸಬೇಕು, ಎಂದಳು. ಆ ಕಡೆ ಒಂದಿಷ್ಟು ಏದುಸಿರು, ಕಬ್ಬಿಣ ಕಿರುಗುಟ್ಟಿದ ಸದ್ದು. ಬಂತು ಎಂದ. ಫೋನ್ ಇಡುವ ಮೊದಲು, ಗುಂಪನ್ನು ಈ ಸಲ ಬೇರೆಯವನ ಜೊತೆ ಕಳಿಸಿದೆ, ಮಂಡಿ ಒಪ್ಪಲಿಲ್ಲ, ಎಂದು ಹೇಳಿದ. ನೋವು ಹೇಗಿದೆ ಎಂದು ಕೇಳಿದಳು. ಇದೆ ಎಂದ.

ಅಲಾಯ್‌ನಲ್ಲಿ ಹುಲ್ಲು ಕೊಯ್ಲು ಶುರುವಾದಾಗ ಬುರುಲ್ಚಾ ಹೊರಟಳು. ಅಜಾರ್ ಅಪಾ ಕ್ಯಾರಿಯರ್ ತುಂಬ ಬೆಣ್ಣೆ, ಕುರುತ್, ಉಣ್ಣೆ ಕಟ್ಟಿ, ಬಂದಾಗಿನದಕ್ಕಿಂತ ಭಾರ ಮಾಡಿ ಕಳಿಸಿದರು. ಈ ಕಡೆಯಿಂದ ತಲ್ದಿಕ್ ಏರು ಕಡಿಮೆ. ಆದರೂ ಪುಟ್ಟ ಚಕ್ರಕ್ಕೇ ಇಳಿಸಿಕೊಂಡು, ಬೇಕೆನಿಸಿದಲ್ಲಿ ಕೂತು, ಬೇಕೆನಿಸಿದಾಗ ಎದ್ದು ಬಂದಳು.

ಓಶ್ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಅಂಗಳದಲ್ಲಿ ಮಮಸಾಲಿಯ ಗಾಡಿ ಸ್ಟ್ಯಾಂಡಿನ ಮೇಲಿತ್ತು. ಮೂರು ಹಲ್ಲುಚಕ್ರಗಳ ಕ್ರ್ಯಾಂಕ್ ಕೂರಿಸಿದ್ದ. ಅವನು ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದು ಅವಳ ಹೊರೆ ಇಳಿಸಿಕೊಂಡ. ಲಗ್ಮಾನ್ ಶಾವಿಗೆ ಮಾಡುತ್ತಿದ್ದೇನೆ, ಎಳೆ ಸರಿಯಾಗಿ ಬರುತ್ತಿಲ್ಲ, ತಾಜಿಖಾನ್ ನಗುತ್ತಿದ್ದಾಳೆ, ಎಂದ. ಆಮೇಲೆ ಗಾಡಿಯ ಕಡೆ ಕಣ್ಣು ಹಾಯಿಸಿ, ನೋಡು ಎಂಬಂತೆ ನಿಂತ.

ಬುರುಲ್ಚಾ ಪೆಡಲನ್ನು ಒಂದು ಸುತ್ತು ತಿರುಗಿಸಿದಳು. ತಿರುಗಿತು. ಪುಟ್ಟ ಚಕ್ರಕ್ಕೆ ಇಳಿಸಿದಳು, ಇಳಿಯಿತು. ಚೈನು ಎರಡು ಕೊಂಡಿ ಉದ್ದವಾಗಿತ್ತು, ಕೆಳಗೆ ಜೋತು ತೂಗಾಡುತ್ತಿತ್ತು. ಕೊಂಡಿ ತೆಗೆಯುವ ಉಪಕರಣ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು, ಅವಳು ತೆಗೆದುಕೊಳ್ಳಲಿಲ್ಲ. ಚೆನ್ನಾಗಿ ತಿರುಗುತ್ತೆ ಎಂದಷ್ಟೇ ಹೇಳಿ, ಉಳಿದದ್ದನ್ನು ನಾಳೆ ಹೇಳಿದರಾಯಿತು ಎಂದುಕೊಂಡು, ಊಟಕ್ಕೆ ಎಬ್ಬಿಸಬೇಡಿ ಎಂದು ಒಳಗೆ ಹೋಗಿ ಮಲಗಿದಳು.